ಹೊಟ್ಟೆ ಕಟ್ಟಿದಾಗ ಕೊಡುವ ಮದ್ದು ಒಳಗೆ ಹೋಗಿ ಮಾಡೋದೇನು?

ನಮ್ಮ ಹೊಲದಲ್ಲಿ ಹರಳು ಇಲ್ಲದ ವರ್ಷ ನನಗೆ ನೆನಪಿಲ್ಲ. ಕಡಲೆಕಾಯಿ ನಡುವೆ ಅಕ್ಕಡಿ ಸಾಲು, ಬದುವಿನ ಮೇಲೆ ಒಂದಿಷ್ಟು ಗಿಡ. ಬಂದ ಬೀಜದಲ್ಲಿ ಮಾರಿದ್ದು ಮಾರಿ, ನಾಲ್ಕೈದು ಸೇರು ಮನೆಗೆ ಇಟ್ಟುಕೊಳ್ತಿದ್ವಿ. ಅಜ್ಜಿ ಅದನ್ನು ಹುರಿದು, ಒರಳಲ್ಲಿ ಕುಟ್ಟಿ, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆದು ಮತ್ತೆ ಕಾಯಿಸಿ ಶೀಸೆಗೆ ತುಂಬೋಳು. ಆ ಶೀಸೆಯಿಂದಲೇ ತಲೆಗೆ, ಗಾಡಿ ಕೀಲಿಗೆ, ಹೊಟ್ಟೆಗೆ. ಬೇಸಿಗೆ ರಜಾ ಬಂದರೆ ಮನೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಶುಂಠಿ ಕಷಾಯದಲ್ಲಿ ಹರಳೆಣ್ಣೆ ಹಾಕಿ ಮೂಗು ಹಿಡಿದು ಕುಡಿಸೋರು. ಮಧ್ಯಾಹ್ನದವರೆಗೂ ಬಯಲಿಗೂ ಮನೆಗೂ ಓಡಾಟ. ಆಮೇಲೆ ಮೆಣಸಿನ ಸಾರು, ಮೆತ್ತನೆ ಅನ್ನ. 'ವರ್ಷಕ್ಕೊಂದು ಸಲ ಹೊಟ್ಟೆ ತೊಳೀಬೇಕು' ಅನ್ನೋದು ಮನೆಯ ಕಾನೂನು.

ಇದೇ ಎಣ್ಣೆಯನ್ನು 1989ರ ಮಾರ್ಚ್‌ನಲ್ಲಿ ನಾನು ನನ್ನ ತಮ್ಮನಿಗೆ ಕೊಟ್ಟೆ. ಅವನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿತ್ತು. ಬೆಳಿಗ್ಗೆ ಹೊಕ್ಕಳ ಸುತ್ತ ನೋವು ಅಂದ, ಊಟ ಬೇಡ ಅಂದ, ಒಂದು ಸಲ ವಾಂತಿ ಮಾಡಿಕೊಂಡ. ಅಪ್ಪ ಸಂತೆಗೆ ಹೋಗಿದ್ದರು. 'ಹೊಟ್ಟೆ ಕಟ್ಟಿದೆ ಕಣೋ, ಎಣ್ಣೆ ಕೊಡು' ಅಂದಳು ಅಜ್ಜಿ. ನಾನೇ ಕಷಾಯ ಕಾಯಿಸಿ ಕುಡಿಸಿದೆ. ಸಂಜೆಗೆ ನೋವು ಹೊಕ್ಕಳಿಂದ ಕೆಳಗೆ ಬಲಕ್ಕೆ ಇಳಿಯಿತು, ಜ್ವರ ಬಂತು. ರಾತ್ರಿಯೆಲ್ಲ ಮಂಡಿ ಮಡಚಿಕೊಂಡು ಮಲಗಿದ್ದ. ಬೆಳಗಿನ ಜಾವ ನೋವು ಇದ್ದಕ್ಕಿದ್ದಂಗೆ ಕಮ್ಮಿ ಆಯ್ತು. ಎಣ್ಣೆ ಕೆಲಸ ಮಾಡ್ತು ಅಂತ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಹೊತ್ತು ಏರುವಷ್ಟರಲ್ಲಿ ಹೊಟ್ಟೆ ಹಲಗೆ ಥರ ಬಿಗಿಯಾಗಿತ್ತು.

ಗಾಡಿಯಲ್ಲಿ ರಸ್ತೆಗೆ, ಅಲ್ಲಿಂದ ಬಸ್ಸಿನಲ್ಲಿ ಪಟ್ಟಣದ ಆಸ್ಪತ್ರೆಗೆ. ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆ ತುಂಬ ಹರಡಿತ್ತು. ನೋವು ಕಮ್ಮಿ ಆಗಿದ್ದು ಅದು ಒಡೆದದ್ದಕ್ಕೇ. ಆಪರೇಷನ್ ಆಗಿ 22 ದಿನ ಅಲ್ಲೇ ಇದ್ದೆವು. ಎತ್ತಿನ ಜೋಡಿ ಮಾರಿದೆವು, ಪರೀಕ್ಷೆ ಹೋಯ್ತು. ಹುಡುಗ ಉಳಿದ. 'ಭೇದಿಗೆ ಏನಾದ್ರೂ ಕೊಟ್ರಾ?' ಅಂತ ಆಪರೇಷನ್ ಮಾಡಿದ ಡಾಕ್ಟರು ಕೇಳಿದರು. ಕೊಟ್ಟೆ ಸ್ವಾಮಿ ಅಂದೆ. ಅವರು ಬೈಯಲಿಲ್ಲ. 'ಕೊಡದಿದ್ರೂ ಒಡೀತಿತ್ತೇನೋ. ಆದ್ರೆ ಕೀವು ತುಂಬಿರೋ ಕರುಳನ್ನ ಹಿಂಡಿಸಿದ್ರಿ, ಒಂದು ರಾತ್ರಿನೂ ಕಳೆದ್ರಿ' ಅಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎಣ್ಣೆ ಹಿಂಡಿಸುತ್ತೆ ಅಂದರೆ ಹೇಗೆ? ಎಲ್ಲ ಮದ್ದೂ ಹಿಂಡಿಸುತ್ತವಾ? ಏಳನೇ ಕ್ಲಾಸು ಓದಿದ ನನಗೆ ಇದನ್ನು ಸರಿಯಾಗಿ ತಿಳಿಸಿಕೊಟ್ಟದ್ದು ಬಹಳ ವರ್ಷದ ಮೇಲೆ ಅದೇ ತಮ್ಮನ ಮಗಳು. ಅವಳು ಔಷಧಶಾಸ್ತ್ರ ಓದಿದ್ದಾಳೆ. ತಾಲ್ಲೂಕು ಆಸ್ಪತ್ರೆ ಡಾಕ್ಟರನ್ನೂ, ಔಷಧಿ ಅಂಗಡಿಯವರನ್ನೂ ಕೇಳಿ ತಿಳಿದುಕೊಂಡೆ. ನಮ್ಮಂಥವರ ಮನೆಯಲ್ಲಿ ಚೀಟಿಯಿಲ್ಲದೆ ಕೊಂಡು ನುಂಗುವ ಮದ್ದುಗಳಲ್ಲಿ ಭೇದಿ ಮದ್ದು ಮುಂದೆ ಇರೋದರಿಂದ ಬರೀತಿದ್ದೇನೆ.

ಮೊದಲು ಕಾಲುವೆ ತಿಳೀರಿ

ಹೊಟ್ಟೆಯೊಳಗಿನ ಸಣ್ಣ ಕರುಳು ಸುಮಾರು 20 ಅಡಿ, ದೊಡ್ಡ ಕರುಳು ಸುಮಾರು 5 ಅಡಿ. ದಿನಕ್ಕೆ ಸುಮಾರು 9 ಲೀಟರ್ ನೀರು ಈ ಕಾಲುವೆಗೆ ಇಳಿಯುತ್ತೆ. ನಾವು ಕುಡಿದು ತಿಂದದ್ದು ಅದರಲ್ಲಿ 2 ಲೀಟರ್ ಇರಬಹುದು. ಉಳಿದದ್ದು ಜೊಲ್ಲು, ಜಠರದ ರಸ, ಪಿತ್ತ ಇಂಥವು, ಮೈಯೊಳಗಿಂದಲೇ ಬರೋದು. ಸಣ್ಣ ಕರುಳು ಬಹುಪಾಲನ್ನು ವಾಪಸ್ ಹೀರಿಕೊಂಡು ಒಂದು, ಒಂದೂವರೆ ಲೀಟರನ್ನು ಮಾತ್ರ ದೊಡ್ಡ ಕರುಳಿಗೆ ಬಿಡುತ್ತೆ. ದೊಡ್ಡ ಕರುಳು ಅದರಲ್ಲೂ ಹೀರಿ, ಕೊನೆಗೆ ಹೊರಗೆ ಹೋಗುವ ಮಲದಲ್ಲಿ 100ರಿಂದ 200 ಮಿಲಿ ನೀರು ಉಳಿಸುತ್ತೆ.

ಬೋರಿನ ನೀರನ್ನು ಮಣ್ಣು ಕಾಲುವೆಯಲ್ಲಿ ಹಾಯಿಸಿದವರಿಗೆ ಉಳಿದದ್ದು ಹೇಳಬೇಕಿಲ್ಲ. ನೀರು ಜೋರಾಗಿ ಹೋದರೆ ಕೊನೇ ಮಡಿ ತಲುಪುತ್ತೆ, ನಿಧಾನ ಹೋದರೆ ಅರ್ಧದಲ್ಲೇ ಇಂಗುತ್ತೆ. ಕರುಳಿನಲ್ಲೂ ಹಾಗೇ. ಮಲ ನಿಧಾನ ಸಾಗಿದಷ್ಟೂ ದೊಡ್ಡ ಕರುಳು ನೀರು ಹೀರುತ್ತಲೇ ಇರುತ್ತೆ, ಹಿಕ್ಕೆ ಥರ ಗಟ್ಟಿಯಾಗುತ್ತೆ. ಬಂದಾಗ ಹೋಗದೆ ತಡೆದುಕೊಂಡರೂ ಇದೇ ಗತಿ. ಹಾಗಾಗಿ ಭೇದಿ ಮದ್ದು ಯಾವುದೇ ಇರಲಿ, ಅದರ ಕೆಲಸ ನೀರನ್ನು ಮಲದಲ್ಲೇ ಹಿಡಿದಿಡೋದು, ಇಲ್ಲಾ ಮೈಯಿಂದ ಕರುಳಿಗೆ ನೀರು ಎಳೆಯೋದು, ಇಲ್ಲಾ ಕರುಳನ್ನು ಹಿಂಡಿ ಬೇಗ ಸಾಗಿಸೋದು. ಜಾರಿಸೋದು ಅಂತ ಇನ್ನೊಂದು ಸಣ್ಣ ಜಾತಿ ಇದೆ.

ನೀರು ಹಿಡಿದಿಡುವವು

ಇಸಬ್‌ಗೋಲ್ ಇದರ ಯಜಮಾನ. ಇದು ಗುಜರಾತ್, ರಾಜಸ್ಥಾನದ ಕಡೆ ಚಳಿಗಾಲದಲ್ಲಿ ಬೆಳೆಯುವ ಸಣ್ಣ ಗಿಡ. ಗುಜರಾತಿನ ಉಂಝಾ ಇದರ ದೊಡ್ಡ ಮಾರುಕಟ್ಟೆ. ಪಾರಸಿ ಮಾತಿನಲ್ಲಿ ಕುದುರೆಯ ಕಿವಿ ಅಂತ ಹೆಸರಿನ ಅರ್ಥ. ಬೀಜದ ಆಕಾರ ನೋಡಿ ಇಟ್ಟದ್ದು. ನಮ್ಮಲ್ಲಿ ಹಾಕಿ ನೋಡೋಣ ಅಂತ ನನಗೂ ಒಮ್ಮೆ ಆಸೆ ಹುಟ್ಟಿತ್ತು. ಆದರೆ ಕಾಳು ಬಲಿತ ಮೇಲೆ ಒಂದು ಮಳೆ ಬಿದ್ದರೆ ಬೀಜವೆಲ್ಲ ಉದುರುವ ಬೆಳೆ ಅದು ಅಂತ ಕೇಳಿ ಸುಮ್ಮನಾದೆ.

ನಾವು ಕೊಳ್ಳೋದು ಅದರ ಬೀಜದ ಮೇಲಿನ ಹೊಟ್ಟು. ಒಂದು ಚಮಚ ಹೊಟ್ಟನ್ನು ಲೋಟ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿ, ಗಂಜಿ ಥರ ಲೋಳೆಯಾಗಿ ಉಬ್ಬುತ್ತೆ. ಒಳಗೂ ಅದೇ ನಡೆಯೋದು. ಕರುಳು ಹೀರಬೇಕಾದ ನೀರನ್ನು ಹೊಟ್ಟು ಬಿಗಿಯಾಗಿ ಹಿಡಿದುಕೊಂಡಿರುತ್ತೆ. ಮಲ ಮೆತ್ತಗಾಗಿ ದಪ್ಪಗಾಗುತ್ತೆ. ದಪ್ಪಗಾದದ್ದು ಕರುಳಿನ ಗೋಡೆಯನ್ನು ಅಗಲಿಸುತ್ತೆ, ಅಗಲಿಸಿದ ಕರುಳು ತಾನಾಗಿ ಮುಂದೆ ತಳ್ಳುತ್ತೆ. ಹಿಂಡಾಟ ಇಲ್ಲ. ಆದರೆ ನಿಧಾನ, ಅರ್ಧ ದಿನದಿಂದ ಮೂರು ದಿನ ಬೇಕು. ರಾತ್ರಿ ಕುಡಿದು ಬೆಳಿಗ್ಗೆ ಏನೂ ಆಗಲಿಲ್ಲ ಅಂತ ಬೈದು ಬಿಡುವವರೇ ಹೆಚ್ಚು.

ಇದಕ್ಕೆ ನೀರೇ ಪ್ರಾಣ. ನಮ್ಮ ಅವ್ವನಿಗೆ ಯಾರೋ ಹೇಳಿದರು ಅಂತ ಎರಡು ಚಮಚ ಹೊಟ್ಟನ್ನು ನಾಲ್ಕು ಗುಟುಕು ಮಜ್ಜಿಗೆಯಲ್ಲಿ ನುಂಗಿ ಮಲಗಿಬಿಟ್ಟಳು. ಮಾರನೇ ದಿನ ಹೊಟ್ಟೆ ತಮಟೆ. ಹೊಟ್ಟು ಅವಳೊಳಗೆ ಇದ್ದ ನೀರನ್ನೂ ಹೀರಿ ಗೋಂದು ಥರ ಕೂತಿತ್ತು. ಆಸ್ಪತ್ರೆಯಲ್ಲಿ ಎನಿಮಾ ಕೊಟ್ಟು ಬಿಡಿಸಿದರು. ಗಂಟಲಲ್ಲೇ ಉಬ್ಬಿ ಸಿಕ್ಕಿಕೊಂಡರೆ ಉಸಿರಿಗೇ ಅಪಾಯ. ಒಣ ಹೊಟ್ಟು ಬಾಯಿಗೆ ಹಾಕಲೇಬಾರದು. ದೊಡ್ಡ ಲೋಟ ತುಂಬ ನೀರಿನಲ್ಲಿ ಕಲಸಿ ತಕ್ಷಣ ಕುಡಿದು, ಮೇಲೆ ಇನ್ನೊಂದು ಲೋಟ ಕುಡೀಬೇಕು. ಮಲಗುವ ಹೊತ್ತಿಗೆ ಬೇಡ. ನುಂಗಲು ಕಷ್ಟ ಇರುವ ಮುದುಕರಿಗೆ ಬೇಡವೇ ಬೇಡ.

ಡಾಕ್ಟರು ಅವ್ವನನ್ನು ದಿನಕ್ಕೆ ಎಷ್ಟು ನೀರು ಕುಡೀತೀಯಮ್ಮ ಅಂದರು. ಅವಳು ನನ್ನ ಮುಖ ನೋಡಿದಳು. ಹಗಲು ಹೊತ್ತಿನಲ್ಲಿ ಬಯಲಿಗೆ ಹೋಗಬೇಕಾಗುತ್ತೆ ಅಂತ ನೀರನ್ನೇ ಕಮ್ಮಿ ಕುಡೀತಿದ್ದಳು, ನನಗೆ ಬುದ್ಧಿ ಬಂದಾಗಿನಿಂದ ಹಾಗೇ. ಕತ್ತಲಾಗೋವರೆಗೂ ತಡೆಯೋದು. ಅವಳೊಬ್ಬಳೇ ಅಲ್ಲ, ಊರಿನ ಹೆಂಗಸರ ಲೆಕ್ಕವೇ ಅದಾಗಿತ್ತು. 2016ರಲ್ಲಿ ಹಿತ್ತಲಲ್ಲಿ ಪಾಯಿಖಾನೆ ಕಟ್ಟಿಸಿದೆವು. ಅದಾಗಿ ಒಂದು ತಿಂಗಳಿಗೆ ಅವ್ವ ಮದ್ದಿನ ಮಾತೇ ಬಿಟ್ಟಳು. ಮೂವತ್ತು ವರ್ಷ ಮುಂಚೆಯೇ ಕಟ್ಟಬಹುದಿತ್ತು. ಎರಡು ಸಲ ಬೋರ್ ತೆಗೆಸಿ ಫೇಲಾದ ದುಡ್ಡಿನಲ್ಲಿ ಅಂಥ ನಾಲ್ಕು ಕಟ್ಟಬಹುದಿತ್ತು.

ಇಸಬ್‌ಗೋಲ್ ಮಾಡುವ ಕೆಲಸವನ್ನೇ ನಮ್ಮ ರಾಗಿ, ಜೋಳ, ಹುರುಳಿ, ಅವರೆ, ಸೊಪ್ಪು ಸದೆಯ ನಾರೂ ಮಾಡುತ್ತೆ. ಉತ್ತರ ಕರ್ನಾಟಕದವರ ಅಗಸೆ ಚಟ್ನಿಪುಡಿಯೂ ಅದೇ ಜಾತಿ, ಅಗಸೆ ನೆನೆಸಿದರೆ ಬರುವ ಲೋಳೆ ನೋಡಿದರೆ ಗೊತ್ತಾಗುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ ನಾರು ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಗೆ 3 ಗ್ರಾಂಗೂ ಕಮ್ಮಿ. ಮೂರು ಹೊತ್ತೂ ಅಕ್ಕಿ ತಿನ್ನಲು ಶುರುಮಾಡಿ ಆಮೇಲೆ ಗುಜರಾತಿನ ಹೊಟ್ಟು ಕೊಳ್ಳೋದು ನಮ್ಮ ಜಾಣತನ.

ನೀರು ಎಳೆಯುವವು

ಮಾವಿನಕಾಯಿ ಹೆಚ್ಚಿ ಉಪ್ಪು ಹಾಕಿಟ್ಟರೆ ಸ್ವಲ್ಪ ಹೊತ್ತಿಗೆ ಜಾಡಿಯಲ್ಲಿ ನೀರು ನಿಲ್ಲುತ್ತೆ. ಉಪ್ಪು ಕಾಯಿಯೊಳಗಿನ ನೀರನ್ನು ಹೊರಕ್ಕೆ ಎಳೆದದ್ದು. ಮೈಗೆ ಸುಲಭದಲ್ಲಿ ಹೀರಲಾಗದ ಉಪ್ಪನ್ನೋ ಸಕ್ಕರೆಯನ್ನೋ ಕುಡಿದರೆ ಅದು ಕರುಳೊಳಗೆ ಉಳಿದು ಸುತ್ತಲಿನ ಮೈಯಿಂದ ನೀರು ಎಳೆಯುತ್ತೆ. ಬಿಳಿ ಹಾಲಿನಂಥ ಮಿಲ್ಕ್ ಆಫ್ ಮೆಗ್ನೀಷಿಯಾ, ಎಪ್ಸಂ ಉಪ್ಪು ಈ ಜಾತಿ. ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಕೆಲಸ ಮಾಡ್ತವೆ.

ಎಪ್ಸಂ ಉಪ್ಪು ಅಂದರೆ ಮೆಗ್ನೀಷಿಯಂ ಸಲ್ಫೇಟ್. ಎಲೆ ಹಳದಿಯಾದಾಗ ನಾವು ಗಿಡಕ್ಕೆ ಹೊಡೆಯುತ್ತೇವಲ್ಲ, ಹೆಸರು ಅದೇ. ಹೆಸರು ಒಂದೇ ಅಂತ ಗೊಬ್ಬರದ ಅಂಗಡಿ ಚೀಲದ್ದನ್ನು ಕರಗಿಸಿ ಕುಡೀಬೇಡಿ. ಅದನ್ನು ಮನುಷ್ಯರ ಹೊಟ್ಟೆಗೆ ಅಂತ ಶುದ್ಧ ಮಾಡಿರೋದಿಲ್ಲ. ಇನ್ನೊಂದು ವಿಷಯ, ಈ ಮೆಗ್ನೀಷಿಯಂ ಸ್ವಲ್ಪ ರಕ್ತಕ್ಕೂ ಸೇರುತ್ತೆ, ಅದನ್ನು ಹೊರಹಾಕೋದು ಮೂತ್ರಪಿಂಡ. ಮೂತ್ರಪಿಂಡ ಕೆಟ್ಟವರಲ್ಲಿ ಅದು ರಕ್ತದಲ್ಲೇ ಸೇರಿಕೊಂಡು ಎದೆಬಡಿತ, ಉಸಿರಾಟಕ್ಕೇ ತೊಂದರೆ ಮಾಡಬಹುದು. ಸಕ್ಕರೆ ಕಾಯಿಲೆ, ಬಿಪಿ ಇರುವ ಎಷ್ಟೋ ಜನರಿಗೆ ಮೂತ್ರಪಿಂಡ ಕೆಟ್ಟಿರೋದು ಗೊತ್ತೇ ಇರೋದಿಲ್ಲ. ಅಂಥವರು ಕೇಳದೆ ಇದನ್ನು ಕುಡೀಬಾರದು.

ಡಾಕ್ಟರು ಈಗ ಹೆಚ್ಚಾಗಿ ಬರೆದುಕೊಡೋದು ಲ್ಯಾಕ್ಟುಲೋಸ್ ಅನ್ನುವ ಸಿಹಿ ಸಿರಪ್. ಇದು ನಮ್ಮ ಮೈ ಜೀರ್ಣಿಸಲಾಗದ ಸಕ್ಕರೆ. ಸಣ್ಣ ಕರುಳು ದಾಟಿ ದೊಡ್ಡ ಕರುಳಿಗೆ ಹೋದರೆ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುಳಿ ಮಾಡ್ತವೆ. ಆ ಹುಳಿ ನೀರು ಎಳೆಯುತ್ತೆ. ದೋಸೆ ಹಿಟ್ಟು ಹುದುಗಿದರೆ ಉಬ್ಬುತ್ತಲ್ಲ, ಹಾಗೆ ಶುರುವಿನಲ್ಲಿ ಹೊಟ್ಟೆ ಉಬ್ಬರ, ವಾಯು ಜಾಸ್ತಿ. ಒಂದೆರಡು ದಿನ ಬೇಕು. ನೀರಿನಲ್ಲಿ ಕರಗಿಸಿ ಕುಡಿಯುವ ಪಾಲಿಎಥಿಲಿನ್ ಗ್ಲೈಕಾಲ್ ಪುಡಿಯೂ ನೀರು ಎಳೆದಿಟ್ಟುಕೊಳ್ಳುವುದೇ, ವಾಯು ಸ್ವಲ್ಪ ಕಮ್ಮಿ.

ಕರುಳನ್ನು ಹಿಂಡುವವು

ನಮ್ಮ ಹಳೇ ಮದ್ದೆಲ್ಲ ಹೆಚ್ಚುಕಮ್ಮಿ ಇಲ್ಲೇ ಬರೋದು. ಹರಳೆಣ್ಣೆ, ಸೋನಾಮುಖಿ, ಕಕ್ಕೆಕಾಯಿ ತಿರುಳು, ಜಾಪಾಳ. ಅಂಗಡಿ ಮಾತ್ರೆಯಲ್ಲಿ ಬಿಸಾಕೊಡಿಲ್.

ಹರಳೆಣ್ಣೆ ಜಿಡ್ಡಾಗಿರೋದರಿಂದ ಜಾರಿಸುತ್ತೆ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಅದು ಸುಳ್ಳು. ಹಾಗಿದ್ದರೆ ಕಡಲೆಕಾಯಿ ಎಣ್ಣೆಯೂ ಭೇದಿ ಮಾಡಿಸಬೇಕಿತ್ತು. ಹರಳೆಣ್ಣೆ ಸಣ್ಣ ಕರುಳಲ್ಲಿ ಒಡೆದು ರಿಸಿನೋಲಿಕ್ ಆಮ್ಲ ಹೊರಬರುತ್ತೆ. ಕರುಳಿನ ಮಾಂಸದಲ್ಲಿ ಬೀಗದಂಥ ಒಂದು ಜಾಗ ಇದೆ, ಅದಕ್ಕೆ ಇಪಿ3 ಅಂತ ಹೆಸರು. ಈ ಆಮ್ಲ ಕೀಲಿಕೈ ಥರ ಅದಕ್ಕೆ ಕೂತುಕೊಂಡರೆ ಮಾಂಸ ಹಿಂಡುತ್ತೆ. ಅಜ್ಜಿಯರ ಕಾಲದಿಂದ ಕುಡೀತಿದ್ದ ಎಣ್ಣೆಯ ಈ ಗುಟ್ಟನ್ನು ಜರ್ಮನಿಯ ವಿಜ್ಞಾನಿಗಳು ಕಂಡುಹಿಡಿದದ್ದು 2012ರಲ್ಲಿ. ಇದನ್ನು ತಮ್ಮನ ಮಗಳು ಓದಿ ಹೇಳಿದಾಗ 1989ರ ಡಾಕ್ಟರು 'ಹಿಂಡಿಸಿದ್ರಿ' ಅಂದದ್ದು ಮತ್ತೆ ಕಿವಿಗೆ ಬಿತ್ತು.

ಅದೇ ಬೀಗ ಗರ್ಭಕೋಶದಲ್ಲೂ ಇದೆ. ಬಸುರಿಯರಿಗೆ ಹರಳೆಣ್ಣೆ ಕುಡಿಸಿದರೆ ಅದೂ ಹಿಂಡುತ್ತೆ, ದಿನ ತುಂಬುವ ಮೊದಲೇ ನೋವು ಬರಬಹುದು. ಹೆರಿಗೆ ಬೇಗ ಆಗಲಿ ಅಂತ ಮನೆಯಲ್ಲಿ ಎಣ್ಣೆ ಕುಡಿಸುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ದಯವಿಟ್ಟು ಬಿಡಿ. ಕಬ್ಬಿಣದ ಮಾತ್ರೆ ತಗೊಳ್ಳುವ ಬಸುರಿಗೆ ಹೊಟ್ಟೆ ಕಟ್ಟೋದು ಸಾಮಾನ್ಯ, ಆಶಾ ಕಾರ್ಯಕರ್ತೆಗೋ ನರ್ಸಮ್ಮನಿಗೋ ಹೇಳಿದರೆ ಬೇರೆ ದಾರಿ ಹೇಳ್ತಾರೆ.

ಹರಳು ಬೆಳೆಯುವವರಿಗೆ ಇನ್ನೊಂದು ಮಾತು. ಬೀಜದಲ್ಲಿ ರಿಸಿನ್ ಅನ್ನುವ ಘೋರ ವಿಷ ಇದೆ. ಅದು ಎಣ್ಣೆಯಲ್ಲಿ ಕರಗೋದಿಲ್ಲ, ಹಿಂಡಿಯಲ್ಲೇ ಉಳಿಯುತ್ತೆ. ಹಿಂಡಿ ಹೊಲಕ್ಕೆ ಒಳ್ಳೇ ಗೊಬ್ಬರ, ದನದ ಬಾಯಿಗೆ ಸಿಗಬಾರದು. ಬೀಜ ಅಗಿದರೆ ಭೇದಿ ಆಗುತ್ತೆ ಅಂತ ಮಕ್ಕಳು ಆಟಕ್ಕೂ ಅಗಿಯಬಾರದು.

ಸೋನಾಮುಖಿಗೆ ನೆಲಾವರಿಕೆ ಅಂತಲೂ ಹೇಳ್ತಾರೆ. ರಸ್ತೆ ಬದಿಯ ತಂಗಡಿ ಗಿಡದ ನೆಂಟ. ತಮಿಳುನಾಡಿನ ತಿರುನಲ್ವೇಲಿ ಕಡೆ ನಮ್ಮಂಥ ಒಣಭೂಮಿಯಲ್ಲೇ ಬೆಳೆದು ಹೊರದೇಶಕ್ಕೆ ಕಳಿಸ್ತಾರೆ, ಆ ಊರಿನ ಹೆಸರಿನಲ್ಲೇ ವ್ಯಾಪಾರ. ಇದರ ಸಾರ ಸಣ್ಣ ಕರುಳು ದಾಟುವವರೆಗೂ ನಿದ್ದೆಯಲ್ಲಿರುತ್ತೆ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಒಡೆದ ಮೇಲೆ ಎಚ್ಚರಾಗಿ ಕರುಳನ್ನು ಹಿಂಡಿಸುತ್ತೆ, ನೀರು ಹೀರೋದನ್ನೂ ತಡೆಯುತ್ತೆ. ಇದಕ್ಕೆ 6ರಿಂದ 12 ಗಂಟೆ ಬೇಕು. ಅದಕ್ಕೇ ರಾತ್ರಿ ತಗೊಂಡರೆ ಬೆಳಿಗ್ಗೆ ಗುಣ. ಹರಳೆಣ್ಣೆಗೆ 2ರಿಂದ 6 ಗಂಟೆ ಸಾಕು, ರಾತ್ರಿ ಕುಡಿದರೆ ನಿದ್ದೆ ಇಲ್ಲ. ಅಜ್ಜಿ ಬೆಳಿಗ್ಗೆಯೇ ಕುಡಿಸುತ್ತಿದ್ದದ್ದು ಸರಿಯಾಗೇ ಇತ್ತು. ಕಕ್ಕೆಕಾಯಿಯ ಕಪ್ಪು ತಿರುಳು ಸೋನಾಮುಖಿ ವರ್ಗದ್ದೇ, ಸೌಮ್ಯ. ಅಳಲೆ, ತಾರೆ, ನೆಲ್ಲಿ ಸೇರಿದ ತ್ರಿಫಲವೂ ಸೌಮ್ಯ.

ಬಿಸಾಕೊಡಿಲ್ ಮಾತ್ರೆಗೆ ಮೇಲೊಂದು ಹೊದಿಕೆ ಇರುತ್ತೆ, ಜಠರದಲ್ಲಿ ಕರಗದೆ ಕರುಳಿಗೆ ಹೋಗಲಿ ಅಂತ. ಪುಡಿ ಮಾಡಿ ಕೊಟ್ಟರೆ, ಹಾಲಿನ ಜೊತೆ ನುಂಗಿದರೆ ಹೊದಿಕೆ ಮೊದಲೇ ಹೋಗಿ ಹೊಟ್ಟೆ ಕಿವುಚುತ್ತೆ.

ಜಾಪಾಳದ ಬಗ್ಗೆ ನಗೆಚಾಟಿಕೆಯೇ ಹೆಚ್ಚು. ಮದುವೆ ಮನೆಯಲ್ಲಿ ಯಾರಿಗೋ ಕೊಟ್ಟು ಓಡಿಸಿದ ಕತೆ ಪ್ರತಿ ಊರಲ್ಲೂ ಇರುತ್ತೆ. ನಗುವ ವಿಷಯ ಅಲ್ಲ. ಅದು ಕರುಳನ್ನು ಸುಟ್ಟ ಹಾಗೆ ಮಾಡುವ ವಿಷ, ಸ್ವಲ್ಪ ಹೆಚ್ಚಾದರೂ ಪ್ರಾಣ ಹೋಗಬಹುದು.

ಜಾರಿಸುವವು

ಲಿಕ್ವಿಡ್ ಪ್ಯಾರಾಫಿನ್ ನಿಜವಾಗಿ ಜಾರಿಸುವ ಎಣ್ಣೆ. ಮಲದ ಮೇಲೆ ಲೇಪವಾಗಿ ನೀರು ಇಂಗದಂತೆ ತಡೆಯುತ್ತೆ. ಬಹಳ ದಿನ ಕುಡಿದರೆ ಎಣ್ಣೆಯಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳನ್ನೂ ಜೊತೆಗೆ ಕೊಂಡೊಯ್ಯುತ್ತೆ. ಮಲಗಿದ್ದ ಮುದುಕರಿಗೆ, ಅಳುವ ಮಗುವಿಗೆ ಕುಡಿಸಬಾರದು. ದನಕ್ಕೆ ಗೊಟ್ಟದಲ್ಲಿ ಔಷಧ ಹಾಕುವಾಗ ನಾಲಗೆ ಹಿಡಿದೆಳೆದು ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗಿ ದನ ಕೆಮ್ಮಿ ಕೆಮ್ಮಿ ಸಾಯೋದು ನೋಡಿದ್ದೀರಿ. ಎಣ್ಣೆ ಜಾತಿಯದು ಮನುಷ್ಯರಲ್ಲೂ ಹಾಗೇ ತಪ್ಪು ದಾರಿಗೆ ಹೋಗುತ್ತೆ. ಗುದದಲ್ಲಿ ಇಡುವ ಗ್ಲಿಸರಿನ್ ಬತ್ತಿ ಕಾಲು, ಅರ್ಧ ಗಂಟೆಯಲ್ಲಿ ಕೆಲಸ ಮಾಡುತ್ತೆ. ಕೊನೆಯಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡದ್ದಕ್ಕೆ ಸರಿ.

ಖಾಲಿ ಕೆರೆಗೆ ಮತ್ತೆ ತೂಬು ಎತ್ತಿದ್ದು

ಇನ್ನು ನನ್ನ ಸ್ವಂತ ದಡ್ಡತನ. 2014ರಲ್ಲಿ ಸೊಂಟ ಹಿಡಿದು ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಬರೆದುಕೊಟ್ಟರು. ಆ ಜಾತಿಯ ಮಾತ್ರೆ ನೋವಿನ ಜೊತೆ ಕರುಳನ್ನೂ ಮಲಗಿಸುತ್ತೆ, ಅದು ನನಗೆ ಗೊತ್ತಿರಲಿಲ್ಲ. ಹೊಟ್ಟೆ ಕಟ್ಟಿತು. ಪೇಟೆಯಿಂದ ಒಂದು ಚೂರ್ಣ ತಂದೆ. ಗಿಡಮೂಲಿಕೆ, ತೊಂದರೆ ಇಲ್ಲ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಇತ್ತು. ರಾತ್ರಿ ಒಂದು ಚಮಚ, ಬೆಳಿಗ್ಗೆ ಪೂರ್ತಿ ಖಾಲಿ. ಮಾರನೇ ದಿನ ಏನೂ ಇಲ್ಲ. ಮತ್ತೆ ಕಟ್ಟಿತು ಅಂತ ಮತ್ತೆ ಒಂದು ಚಮಚ. ಆರು ತಿಂಗಳಲ್ಲಿ ಮೂರು ಚಮಚಕ್ಕೆ ಹೋಗಿದ್ದೆ. ಸೊಂಟ ಬಿಟ್ಟಿತ್ತು, ಮಾತ್ರೆ ನಿಲ್ಲಿಸಿ ಆಗಿತ್ತು, ಚೂರ್ಣ ಮಾತ್ರ ಬಿಡಲಿಲ್ಲ. ಕಾಲು ಸೆಳೆತ, ನಿಶ್ಶಕ್ತಿ ಶುರುವಾಯ್ತು.

ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿದಾಗ ಅದರಲ್ಲಿ ಹೆಚ್ಚು ಪಾಲು ಸೋನಾಮುಖಿ. ಡಾಕ್ಟರು ಹೇಳಿದ್ದು ಇಷ್ಟು. ಮಲ ಇರುವ ದೊಡ್ಡ ಕರುಳು ಒಂದು ಕೆರೆ. ದಿನಾ ಸ್ವಲ್ಪ ಸ್ವಲ್ಪ ಹರಿದು ಹೋಗುವ ಕೆರೆಗೆ ನೀನು ತೂಬು ಎತ್ತಿ ಒಂದೇ ರಾತ್ರಿಗೆ ಖಾಲಿ ಮಾಡ್ದೆ. ತುಂಬೋಕೆ ಎರಡು ಮೂರು ದಿನ ಬೇಕು. ಅಷ್ಟರವರೆಗೆ ಬರಲಿಕ್ಕೆ ಏನಿದೆ? ಅದನ್ನ ಕಟ್ಟಿದೆ ಅಂದುಕೊಂಡು ಮತ್ತೆ ತೂಬು ಎತ್ತಿದೆ. ನೀರಿನ ಜೊತೆ ಪೊಟ್ಯಾಸಿಯಂ ಹೋಯ್ತು, ಕಾಲು ಸೆಳೆಯಿತು.

ದಿನಾ ಹೋಗಲೇಬೇಕು ಅನ್ನೋದೂ ಕಾನೂನಲ್ಲ ಅಂತ ಆವತ್ತು ತಿಳೀತು. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಯಾವುದೂ ಸರಿಯೇ, ಮುಕ್ಕಿ ಮುಕ್ಕಿ ಹೋಗುವಂತಿಲ್ಲದಿದ್ದರೆ. ಇಂಥ ಮದ್ದಿನಿಂದ ಕರುಳು ಶಾಶ್ವತ ಸೋಮಾರಿ ಆಗುತ್ತೆ ಅಂತ ಹಿಂದೆ ಎಲ್ಲರೂ ಹೆದರಿಸುತ್ತಿದ್ದರು, ಆ ಮಾತಿಗೆ ಅಷ್ಟು ಗಟ್ಟಿ ಆಧಾರ ಇಲ್ಲ ಅಂತ ಈಗ ಹೇಳ್ತಾರೆ. ಆದರೂ ತಿಂಗಳುಗಟ್ಟಲೆ ಕೇಳದೆ ನುಂಗುವ ವಸ್ತು ಅದಲ್ಲ. ನನಗೆ ಚೂರ್ಣ ಮೂರರಿಂದ ಎರಡು, ಎರಡರಿಂದ ಒಂದು ಇಳಿಸಿ, ಕೆಲವು ವಾರ ಲ್ಯಾಕ್ಟುಲೋಸ್ ಕೊಟ್ಟು ಬಿಡಿಸಿದರು. ಬೆಳಿಗ್ಗೆ ಎದ್ದು ಬಿಸಿ ಏನಾದರೂ ಕುಡಿದು, ಬಂದರೂ ಬರದಿದ್ದರೂ ಒಂದೇ ಹೊತ್ತಿಗೆ ಹೋಗಿ ಕೂರಲು ಹೇಳಿದರು. ತಿಂದ ಮೇಲೆ ದೊಡ್ಡ ಕರುಳು ತಾನೇ ಒಮ್ಮೆ ಅಲುಗುತ್ತಂತೆ. ನಿಜ, ಎರಡು ತಿಂಗಳಿಗೆ ಅಭ್ಯಾಸ ಕೂತಿತು.

ಯಾವ ಮದ್ದನ್ನೂ ಕೊಡಬಾರದ ಹೊತ್ತು

ಹೊಟ್ಟೆನೋವು ಇದ್ದು, ಯಾಕೆ ಅಂತ ಗೊತ್ತಿಲ್ಲದಿದ್ದರೆ ಭೇದಿ ಮದ್ದು ಮುಟ್ಟಬೇಡಿ. ಅದರಲ್ಲೂ ನೋವಿನ ಜೊತೆ ವಾಂತಿ, ಜ್ವರ, ಹೊಟ್ಟೆ ಬಿಗಿತ ಇದ್ದರೆ, ಹೊಕ್ಕಳ ನೋವು ಬಲಗಡೆ ಕೆಳಕ್ಕೆ ಇಳಿದರೆ, ವಾಯು ಸಹ ಹೋಗದೆ ಹೊಟ್ಟೆ ಉಬ್ಬುತ್ತಿದ್ದರೆ ನೇರ ಆಸ್ಪತ್ರೆ. ಕರುಳು ಎಲ್ಲೋ ತಿರುಚಿ ಮುಚ್ಚಿದ್ದರೆ, ಮುಚ್ಚಿದ ಪೈಪಿಗೆ ಮೋಟರು ಹಾಕಿದಂತೆ ಆಗುತ್ತೆ. ಜೋರು ನೋವು ಇದ್ದಕ್ಕಿದ್ದಂತೆ ನಿಂತರೂ ನಂಬಬೇಡಿ.

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ನಾವೇ ತೀರ್ಮಾನ ಮಾಡಿಬಿಡ್ತೇವೆ. ಇರಬಹುದು, ಇಲ್ಲದಿರಬಹುದು. ಐವತ್ತರ ಮೇಲೆ ಹೊಸದಾಗಿ ಹೊಟ್ಟೆ ಕಟ್ಟಲು ಶುರುವಾದರೆ, ಕಾರಣವಿಲ್ಲದೆ ತೂಕ ಇಳಿದರೆ ಗಡ್ಡೆ ಏನಾದರೂ ಇದೆಯಾ ಅಂತ ನೋಡಿಸಬೇಕು. ನಮ್ಮ ವಯಸ್ಸಿನವರು ನಾಚಿಕೆಗೆ ಇದನ್ನು ಮುಂದೆ ಹಾಕ್ತಾ ಹೋಗ್ತಾರೆ.

ಹುಟ್ಟಿದ ಕೂಸಿಗೆ ಹರಳೆಣ್ಣೆ ನೆಕ್ಕಿಸೋದು, ಎಲೆ ತೊಟ್ಟಿಗೆ ಎಣ್ಣೆ ಸವರಿ ಇಡೋದು ನಿಲ್ಲಬೇಕು. ಬರೀ ತಾಯಿ ಹಾಲು ಕುಡಿಯುವ ಮಗು ಒಂದೂವರೆ ತಿಂಗಳು ಕಳೆದ ಮೇಲೆ ಕೆಲವೊಮ್ಮೆ ನಾಲ್ಕೈದು ದಿನ ಮಲ ಮಾಡೋದಿಲ್ಲ. ಹಾಲು ಕುಡಿದು ಆಡಿಕೊಂಡಿದ್ದು, ಮಾಡಿದಾಗ ಮೆತ್ತಗಿದ್ದರೆ ಅದು ರೋಗ ಅಲ್ಲ. ದೊಡ್ಡ ಮಕ್ಕಳಿಗೆ ಜಂತುಹುಳಕ್ಕೆ ಅಂತ ಭೇದಿ ಎಣ್ಣೆಯೂ ಬೇಕಿಲ್ಲ. ಹರಳೆಣ್ಣೆ ಹುಳ ಕೊಲ್ಲೋದಿಲ್ಲ, ಹರಿಯೋ ನೀರಲ್ಲಿ ನಾಲ್ಕು ಹುಳ ಹೊರಗೆ ಬಂದದ್ದು ನೋಡಿ ನಮ್ಮ ಹಿರಿಯರು ಖುಷಿಪಟ್ಟರು ಅಷ್ಟೆ. 2015ರಿಂದ ಶಾಲೆ, ಅಂಗನವಾಡಿಯಲ್ಲಿ ಜಂತುಹುಳ ನಿವಾರಣೆ ದಿನ ಅಂತ ಮಾಡಿ ಅಲ್ಬೆಂಡಜೋಲ್ ಮಾತ್ರೆ ಕೊಡ್ತಾರೆ, ಅದು ಕೊಲ್ಲುತ್ತೆ.

ನಮ್ಮ ಮನೆಯಲ್ಲಿ ಹರಳೆಣ್ಣೆ ಶೀಸೆ ಈಗಲೂ ಇದೆ, ತಲೆಗೆ ಮತ್ತು ಕೀಲಿಗೆ. ಹೋದ ಸುಗ್ಗಿಯಲ್ಲಿ ಪಕ್ಕದ ಮನೆ ಅಜ್ಜಿ, ಮೊಮ್ಮಗನಿಗೆ ಹೊಟ್ಟೆನೋವು, ಒಂದು ಬಟ್ಟಲು ಎಣ್ಣೆ ಕೊಡ್ರಪ್ಪ ಅಂತ ಬಂದಳು. ನಾನು ಬಾಯಿ ತೆಗೆಯುವ ಮೊದಲೇ ತಮ್ಮ ಶೀಸೆ ಎತ್ತಿ ಅಟ್ಟದ ಮೇಲಿಟ್ಟು, ಬೈಕ್ ತೆಗೆದು ಹುಡುಗನನ್ನು ಕೂರಿಸಿಕೊಂಡು ಹೋದ. ಅಂಥದ್ದೇನೂ ಇರಲಿಲ್ಲ, ಸಂಜೆಗೆ ವಾಪಸ್ ಬಂದರು. ಎಣ್ಣೆಯಲ್ಲಿ ಹೋಗೋದಕ್ಕೆ ಇನ್ನೂರು ರೂಪಾಯಿ ಪೆಟ್ರೋಲು ಸುಟ್ಟ ಅಂತ ಅಜ್ಜಿ ಇವತ್ತಿಗೂ ಅವನನ್ನು ಆಡಿಕೊಳ್ತಾಳೆ. ಅವನು ನಕ್ಕು ಸುಮ್ಮನಾಗ್ತಾನೆ.